ಯಾವ ಪಾಸು?

"ಮಾಮ, ಇನ್ನೊಂದ್ ಸಲ ಓದಿ," ಅಂದಳು ಚೋರೋಲ್. ಫೋನನ್ನು ಅವರ ಮುಖದ ಹತ್ತಿರ ಹಿಡಿದಳು.

ಅಂಗಡಿಯ ನುರ್ಬು ಮಾಮ ಕನ್ನಡಕ ಸರಿಮಾಡಿಕೊಂಡರು. "ಇರೋದೇ ಎರಡು ಪದ ಮಗಳೇ. 'ಮೆಮೆ ಪಾಸ್ಡ್.' ಅಂದ್ರೆ..." ಅವರ ದನಿ ಇಳಿಯಿತು. "ತಾತ ಹೋಗ್ಬಿಟ್ರು."

ಮೆಮೆ ಅಂದರೆ ಚೋರೋಲಳ ತಾತ. ಬೆಳಿಗ್ಗೆ ಅವರಿಗೆ ಎದೆನೋವು ಬಂದಿತ್ತು. ಅಮ್ಮ, ಕೇರಳದ ನರ್ಸ್ ಅಕ್ಕ ಇಬ್ಬರೂ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಲೇಹ್ ಆಸ್ಪತ್ರೆಗೆ ಹೊರಟಿದ್ದರು. ನಡುವೆ ಖರ್ದುಂಗ್ ಲಾ ದಾಟಬೇಕು. ಲಾ ಅಂದರೆ ಬೆಟ್ಟದ ನೆತ್ತಿಯ ದಾರಿ, ಮೇಲೆಲ್ಲ ಹಿಮ. ಇಂಗ್ಲಿಷಿನ ಈ ಮೆಸೇಜು ನರ್ಸ್ ಅಕ್ಕನದು. ತಿರುಗಿ ಫೋನ್ ಮಾಡಿದರೆ ಹೋಗುತ್ತಲೇ ಇರಲಿಲ್ಲ.

"ನಾನು ಎಕ್ಸಾಮ್ ಪಾಸಾದೆ. ಸತ್ತುಹೋದ್ನಾ?"

"ಅದು ಬೇರೆ ಪಾಸು ಪುಟ್ಟಿ."

"ಐಸ್ ಹಾಕಿ ಮ್ಯಾಚಲ್ಲಿ 'ಪಾಸ್ ಮಾಡೇ, ಪಾಸ್ ಮಾಡೇ' ಅಂತ ಕೋಚ್ ಕಿರುಚ್ತಾರಲ್ಲ?"

"ಅದೂ ಬೇರೆ. ಆಟದಲ್ಲಿ ಇನ್ನೊಬ್ಬರಿಗೆ ದಾಟಿಸೋದು."

"ಮತ್ತೆ ಇದು ಯಾವ ಪಾಸು ಅಂತ ನಿಮಗೆ ಹೇಗೆ ಗೊತ್ತು?"

ನುರ್ಬು ಮಾಮ ತಡವರಿಸಿದರು. "ಹೆಡ್‌ಮಾಸ್ಟರ್ ತಂದೆ ತೀರಿಕೊಂಡಾಗ ಸ್ಕೂಲ್ ಬೋರ್ಡ್ ಮೇಲೆ ಹಾಗೇ ಬರೆದಿದ್ರಲ್ಲೇ."

"ಅಲ್ಲಿ 'ಪಾಸ್ಡ್ ಅವೇ' ಅಂತಿತ್ತು. ಇದ್ರಲ್ಲಿ 'ಅವೇ' ಎಲ್ಲಿದೆ? ನಾನು ವಿಚಾರಿಸ್ಕೊಂಡು ಬರೋವರೆಗೂ ಅಜ್ಜಿಗೆ ಹೇಳ್ಬೇಡಿ ಮಾಮ. ನನ್ನಾಣೆ!"

ಅವಳು ಓಡಿದಳು. ಚಳಿಗಾಳಿ ಕೆನ್ನೆ ಕೊರೆಯುತ್ತಿತ್ತು. ಎರಡು ಸಲ ಜಾರಿ ಬಿದ್ದಳು, ಎದ್ದು ಮತ್ತೆ ಓಡಿದಳು. ಊರಾಚೆಯ ಚೆಕ್‌ಪೋಸ್ಟ್‌ನಲ್ಲಿ ವೈರ್‌ಲೆಸ್ ಇದೆ ಎಂದು ಅವಳಿಗೆ ಗೊತ್ತಿತ್ತು.

ಗೇಟಿನಲ್ಲಿದ್ದ ಸೈನಿಕ ಕೈ ಅಡ್ಡ ಹಿಡಿದ. "ಏಯ್, ನಿಲ್ಲು! ಪಾಸ್ ಎಲ್ಲಿ?"

"ಅಯ್ಯೋ, ಇದು ಇನ್ನೊಂದು ಪಾಸಾ!" ಚೋರೋಲಳಿಗೆ ಇಷ್ಟು ಹೊತ್ತು ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು. ಆದರೂ ಗೇಟಿನ ಕಂಬಿ ಬಿಡಲಿಲ್ಲ. "ನನ್ನ ಹತ್ರ ಪಾಸಿಲ್ಲ. ಜೀಪಲ್ಲಿ ಲೇಹ್‌ಗೆ ಹೋದ ತಾತ ಹೇಗಿದ್ದಾರೆ ಅಂತ ಕೇಳಿ ಹೇಳಿ. ಅಲ್ಲೀತನಕ ನಾನು ಇಲ್ಲಿಂದ ಕದಲಲ್ಲ."

ಗಲಾಟೆ ಕೇಳಿ ಹವಾಲ್ದಾರ್ ಹೊರಗೆ ಬಂದರು. ಮೆಸೇಜು ನೋಡಿದವರೇ ಒಳಗೆ ಹೋಗಿ ವೈರ್‌ಲೆಸ್ ಹಿಡಿದರು. ಗರಗರ ಸದ್ದು. ಒಂದಷ್ಟು ಹಿಂದಿ ಮಾತು. ಮತ್ತೆ ಗರಗರ.

ಅವರು ಕಿಟಕಿಯಿಂದ ತಲೆ ಹೊರಹಾಕಿದರು. "ನಿಮ್ಮ ಜೀಪು ಲಾ ದಾಟಿ ಆ ಕಡೆ ಚೆಕ್‌ಪೋಸ್ಟ್ ಹತ್ರ ನಿಂತಿದೆ. ತಾತಂಗೆ ಬೆಣ್ಣೆ ಚಹಾ ಬೇಕಂತೆ, ನರ್ಸ್ ಕೊಡ್ತಿಲ್ಲವಂತೆ. ಬೈತಾ ಇದ್ದಾರಂತೆ!"

"ಬೈತಾ ಇದ್ದಾರಾ?"

"ಜೋರಾಗೇ. ಇಂಗ್ಲಿಷಲ್ಲಿ ದಾಟೋದಕ್ಕೂ ಪಾಸ್ ಅಂತಾರೆ, ನಿಮ್ಮ 'ಲಾ'ಗೂ ಪಾಸ್ ಅಂತಾರೆ. ತಾತ ಲಾ ದಾಟಿದ್ರು, 'ಮೆಮೆ ಪಾಸ್ಡ್ ದ ಪಾಸ್' ಅಂತ ಆ ನರ್ಸ್ ಪೂರ್ತಿ ಬರೆಯೋಷ್ಟರಲ್ಲಿ ಮೆಸೇಜು ಹೋಗ್ಬಿಟ್ಟಿದೆಯಂತೆ."

ಚೋರೋಲ್ ಕಂಬಿ ಬಿಟ್ಟು ಹಿಮದ ಮೇಲೆಯೇ ಕೂತಳು. ಆಮೇಲೆ ನಗತೊಡಗಿದಳು.

ಅವಳು ಮನೆಗೆ ಬಂದಾಗ ಅಜ್ಜಿ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದರು. "ಎಲ್ಲಿಗೇ ಹೋಗಿದ್ದೆ? ಮೂಗು ನೋಡು, ಕೆಂಪಗಾಗಿದೆ!"

ಸಂಜೆ ಅಮ್ಮನ ಮೆಸೇಜು ಬಂತು: ಆಸ್ಪತ್ರೆ ಸೇರಿದ್ದೇವೆ, ಅಜ್ಜಿ ಹೇಗಿದ್ದಾರೆ?

'ಅಜ್ಜಿ ಫೈನ್' ಎಂದು ಟೈಪ್ ಮಾಡಿದಳು ಚೋರೋಲ್. ಕಳಿಸಬೇಕು, ಅಷ್ಟರಲ್ಲಿ ಹೆಬ್ಬೆರಳು ನಿಂತಿತು. ಸ್ಕೂಲಿಗೆ ತಡವಾಗಿ ಹೋದರೆ ಹಾಕುವುದೂ ಫೈನೇ ಅಲ್ಲವೇ?

ಎಲ್ಲವನ್ನೂ ಅಳಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ಅಜ್ಜಿ ಒಲೆ ಹತ್ರ ಕೂತು ರೊಟ್ಟಿ ತಿಂತಿದ್ದಾರೆ. ನಾನು ಪಕ್ಕದಲ್ಲೇ ಇದ್ದೀನಿ. ಹೆದರ್ಕೋಬೇಡ ಅಮ್ಮಾ.'

ಇನ್ನೊಂದು ಸಲ ಮೊದಲಿಂದ ಕೊನೆಯವರೆಗೂ ಓದಿ, ಕಳಿಸಿದಳು.