ಬೀರಂಜನಿಗೆ ಐದೇ ಅಂಕ

ಆಕರ್ಷಣೆ ಎಂಬಲ್ಲಿ ಬಿನೋಯ್ ಐದು ಎಂದು ಬರೆದಿದ್ದ. ಇಪ್ಪತ್ತಕ್ಕೆ ಐದು.

ಜೋಸ್ಮಿ ಹಾಳೆಯನ್ನು ಮತ್ತೊಮ್ಮೆ ಓದಿದಳು. ಬಲ ಹದಿನಾರು, ಚುರುಕು ಹದಿನಾಲ್ಕು, ಬುದ್ಧಿ ಹದಿನೆಂಟು. ಅಲ್ಲಿಯವರೆಗೆ ಅವಳಿಗೆ ತಕರಾರಿರಲಿಲ್ಲ. ಆದರೆ ಆ ಐದು ಅವಳಿಗೇ ಯಾರೋ ಹಾಕಿದ ಅಂಕದಂತೆ ಚುಚ್ಚಿತು.

ಮನೆಯಲ್ಲಿ ಮಲಯಾಳ ಮಾತಾಡಿ ಬೆಳೆದ ಅವಳು ಕಡಬದ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಬಿಡುವಿನಲ್ಲೆಲ್ಲ ಕೂತು ಬರೆದ ಫ್ಯಾಂಟಸಿ ಕಾದಂಬರಿಯ ನಾಯಕ ಈ ಬೀರಂಜ. ನಾಯಕ ಎನ್ನುವುದೂ ಕಷ್ಟವೇ. ಮುತ್ತಿಗೆ ಬಿದ್ದ ಕೋಟೆಯೊಳಗೆ ಮಕ್ಕಳು ಹಸಿವಿನಿಂದ ಸಾಯತೊಡಗಿದಾಗ, ಬಾಗಿಲು ಕಾಯುತ್ತಿದ್ದ ಅವನೇ ಶತ್ರುವಿಗೆ ಬಾಗಿಲು ತೆರೆದ. ಮಕ್ಕಳು ಉಳಿದರು, ರಾಜ ಸತ್ತ. ಊರು ಅವನನ್ನು ದ್ರೋಹಿ ಎಂದಿತು. ಯಾಕೆ ತೆರೆದೆ ಎಂದು ಅವನು ಯಾರಿಗೂ ಹೇಳಲಿಲ್ಲ.

ಅವನನ್ನು ತನ್ನ ಆಟಕ್ಕೆ ಇಳಿಸಬೇಕೆಂಬುದು ಬಿನೋಯ್‌ನ ಆಸೆ. ನೆಲ್ಯಾಡಿ ರಸ್ತೆಯಲ್ಲಿ ಅವನದೊಂದು ರಬ್ಬರ್ ಸಸಿಗಳ ನರ್ಸರಿ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಊಟವಾದ ಮೇಲೆ ಗೆಳೆಯರು ಅಲ್ಲಿನ ಶೆಡ್ಡಿನಲ್ಲಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ಹೇಳುತ್ತ ಹೋಗುತ್ತಾನೆ, ಉಳಿದವರು ಪಾತ್ರಗಳಾಗಿ ಉತ್ತರಿಸುತ್ತಾರೆ. ಕಷ್ಟದ ಜಾಗ ಬಂದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬಿದ್ದ ಸಂಖ್ಯೆ ಪಾತ್ರದ ಅಂಕದೊಳಗಿದ್ದರೆ ಗೆಲುವು, ಮೀರಿದರೆ ಸೋಲು.

“ಐದು ಎಂತಕ್ಕೆ ಚೇಟ್ಟಾ?” ಎಂದಳು ಜೋಸ್ಮಿ. ತನಗಿಂತ ದೊಡ್ಡವನಾದ್ದರಿಂದ ಅವಳು ಅವನನ್ನು ಅಣ್ಣನೆಂದು ಕರೆಯಬೇಕಿತ್ತು. ಕರೆಯುವಾಗಲೆಲ್ಲ ಮನಸ್ಸು ಒಪ್ಪುತ್ತಿರಲಿಲ್ಲ.

ಬಿನೋಯ್‌ನ ನೋಟ ಹಾಳೆಯಿಂದ ಎದ್ದು, ಅವಳ ಕಿವಿಯೋಲೆಯವರೆಗೆ ಬಂದು, ಅಲ್ಲೇ ನಿಂತಿತು. “ಅವ ಮಾತಾಡುದೇ ಇಲ್ಲ ಅಲ್ವಾ. ಬಾಯಿ ಬಿಡದವನನ್ನು ಯಾರು ಮೆಚ್ಚುದು?”

“ಮೆಚ್ಚಿದವಳು ಒಬ್ಬಳು ಉಂಟು.”

“ಪುಸ್ತಕದಲ್ಲಿ ಯಾರೂ ಇಲ್ಲ.”

“ಬರೆದವಳು ಇದ್ದಾಳೆ.”

ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಮಿದ್ಲಾಜ್ ಎದುರಿನ ಕುರ್ಚಿಯಿಂದ, ಬರೆದವರ ಮೆಚ್ಚುಗೆ ಹೆತ್ತವರ ಮೆಚ್ಚುಗೆಯ ಹಾಗೆ, ಅದಕ್ಕೆಲ್ಲ ಅಂಕ ಕೊಡಲಿಕ್ಕಿಲ್ಲ ಎಂದ. ಎಲ್ಲರೂ ನಕ್ಕರು. ಬಿನೋಯ್ ಕೂಡ ನಕ್ಕ. ಅವನು ನಕ್ಕದ್ದೇ ಅವಳಿಗೆ ನೋವಾಯಿತು.

ಮುಂದಿನ ಭಾನುವಾರ ಸಂಪಾಜೆಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇದು ಇಗರ್ಜಿಗೆ ಬರುವವರಿಗೆಲ್ಲ ಗೊತ್ತಿತ್ತು, ಬಿನೋಯ್‌ಗೂ ಗೊತ್ತಿತ್ತು. ಕಾದಂಬರಿಯ ಒಂದೊಂದು ಅಧ್ಯಾಯವನ್ನೂ ಮೊದಲು ಓದಿದವನು ಅವನು. ಬೀರಂಜನಿಗೆ ಚಳಿಗಾಲದಲ್ಲಿ ಹೊದೆಯಲು ಏನುಂಟು ಎಂದು ಕೇಳಲಿಕ್ಕೇ ಸ್ಕೂಟರಿನಲ್ಲಿ ಬಂದು ಹೋದವನು. ಅಂಥವನು ತನ್ನ ಮನಸ್ಸಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಹೇಳುವುದಿದ್ದರೆ ಈ ವಾರವೇ ಹೇಳಬೇಕು ಎಂದು ಜೋಸ್ಮಿ ದಿನಾ ದೇವರ ಮುಂದೆ ಕೂತು ಬೇಡುತ್ತಿದ್ದಳು. ತಾನಾಗಿ ಹೇಳಲು ಅವಳ ಅಭಿಮಾನ ಬಿಡಲಿಲ್ಲ.

ಶೆಡ್ಡಿನಲ್ಲಿ ಈಗ ಒಂದು ದೃಶ್ಯ ಆಡಿ ನೋಡೋಣ ಎಂದಾಯಿತು. ದ್ವೇಷಿಸುವ ತಂಗಿಯ ಮನೆ ಬಾಗಿಲಲ್ಲಿ ಬೀರಂಜ ನಿಂತಿದ್ದಾನೆ, ಕ್ಷಮೆ ಕೇಳಬೇಕು. ಬೀರಂಜನಾಗಿ ಜೋಸ್ಮಿಯೇ ದಾಳ ಎಸೆದಳು. ಆಕರ್ಷಣೆಯ ಐದನ್ನು ದಾಟಿ ಹದಿನೇಳು ಬಿತ್ತು. ತಂಗಿ ಬಾಗಿಲು ತೆಗೆಯಲಿಲ್ಲ ಎಂದ ಬಿನೋಯ್. ಇನ್ನೊಮ್ಮೆ ಎಸೆದಳು. ಹನ್ನೆರಡು.

“ಕ್ಷಮೆ ಕೇಳಲಿಕ್ಕೆ ಬಂದವನ ಹತ್ತಿರ ಅಂಕ ಕೇಳುದಾ ನೀವು? ನನ್ನ ಬೀರಂಜ ಈ ಆಟಕ್ಕೆ ಬರುದಿಲ್ಲ.”

ಅವಳು ಎದ್ದು ಹೋದಳು. ಅವನು ತಡೆಯಲಿಲ್ಲ.

ಶುಕ್ರವಾರ ಇಗರ್ಜಿಯ ವಾರ್ಡಿನ ಮನೆಗಳವರೆಲ್ಲ ಸೇರುವ ಸಂಜೆ ಪ್ರಾರ್ಥನೆ ಜೋಸ್ಮಿಯ ಮನೆಯಲ್ಲಿ. ಅಂಗಳದಲ್ಲಿ ಬೆಂಚುಗಳು, ಒಳಗೆ ಚಾಪೆಗಳು, ಯೇಸುವಿನ ಪ್ರತಿಮೆಯ ಮುಂದೆ ಮೇಣದ ಬತ್ತಿ. ಬಿನೋಯ್ ಬಂದು ಕಡೆಯ ಸಾಲಿನಲ್ಲಿ ಮೊಣಕಾಲೂರಿದ್ದು ಅವಳಿಗೆ ತಿರುಗದೆಯೇ ತಿಳಿಯಿತು. ಜಪಮಾಲೆ ಬೆರಳಿನಿಂದ ಬೆರಳಿಗೆ ಸರಿಯುತ್ತಿದ್ದರೂ ಮನಸ್ಸು ಹಿಂದಿನ ಸಾಲಿನಲ್ಲೇ ಇತ್ತು. ಇಂಥ ಪ್ರಾರ್ಥನೆಯನ್ನೂ ದೇವರು ಕೇಳುತ್ತಾನೆ.

ಮಲಯಾಳಿ ಕ್ರೈಸ್ತರ ಆ ಮನೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಂದು ಕ್ರಮವುಂಟು. ಸಣ್ಣವರು ದೊಡ್ಡವರ ಎದುರು ಕೈಮುಗಿದು ಯೇಸುವಿಗೆ ಸ್ತುತಿ ಎನ್ನಬೇಕು. ದೊಡ್ಡವರು ತಲೆ ಮುಟ್ಟಿ ಮರುಸ್ತುತಿ ಹೇಳಬೇಕು. ಎಷ್ಟೇ ಜಗಳವಿರಲಿ, ಸ್ತುತಿ ಕೊಟ್ಟ ಮೇಲೆ ಮುಖ ತಿರುಗಿಸುವಂತಿಲ್ಲ. ಲೆಕ್ಕದಂತೆ ಜೋಸ್ಮಿಯೇ ಬಿನೋಯ್ ಬಳಿಗೆ ಹೋಗಬೇಕಿತ್ತು. ಅವಳು ಅಜ್ಜಿ ತ್ರೇಸ್ಯಾಕುಟ್ಟಿಯ ಬೆನ್ನ ಹಿಂದೆ ನಿಂತು ಸುಮ್ಮನೆ ಚಾಪೆ ಸುತ್ತತೊಡಗಿದಳು.

ಅಷ್ಟರಲ್ಲಿ ಎದುರು ಎರಡು ಪಾದಗಳು ಬಂದು ನಿಂತವು. ಬಿನೋಯ್ ಕೈಮುಗಿದು ಸ್ತುತಿ ಹೇಳಿ, ಮಗುವಿನ ಹಾಗೆ ತಲೆ ಬಗ್ಗಿಸಿ ನಿಂತುಬಿಟ್ಟಿದ್ದ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಬಿನೋಯೇ, ಕ್ರಮ ಮರೆತುಹೋಯ್ತಾ? ದೊಡ್ಡವ ನೀನಲ್ವಾ?”

“ತಪ್ಪು ನನ್ನದು ಅಮ್ಮಚ್ಚಿ,” ಅವನು ತಲೆ ಎತ್ತಲಿಲ್ಲ. “ಇವತ್ತಿಗೆ ನಾನೇ ಸಣ್ಣವ.”

ಜೋಸ್ಮಿ ಅವನ ಕೂದಲಿಗೆ ಬೆರಳ ತುದಿ ತಾಗಿಸಿ ಮರುಸ್ತುತಿ ಹೇಳಿದಳು.

ಹಾಲಿಲ್ಲದ ಕಟ್ಟಂಕಾಪಿ ಕೊಡುವ ನೆಪದಲ್ಲಿ ಅವಳು ಜಗಲಿಯಲ್ಲಿದ್ದ ಬಿನೋಯ್ ಬಳಿಗೆ ಬಂದಳು. ಲೋಟ ತಗೊಂಡವನು ಈ ಸಲ ಅವಳ ಕಣ್ಣನ್ನೇ ನೋಡಿದ. ಬಾಗಿಲಿನ ದೃಶ್ಯದಿಂದ ದಾಳ ತೆಗೆದಿದ್ದೇನೆ, ಬೀರಂಜ ಬಂದು ನಿಂತರೆ ಸಾಕು, ತಂಗಿ ತೆಗೆಯುತ್ತಾಳೆ ಎಂದ. ಮತ್ತೆ ಕಾಪಿಯನ್ನು ಊದಿದ.

“ಮಾತು ಬಾರದವನಿಗೆ ಎಷ್ಟು ಕೊಡುದು ಅಂತ ಗೊತ್ತಾಗ್ಲಿಲ್ಲ. ನನ್ನನ್ನೇ ನೋಡಿಕೊಂಡು ಹಾಕಿದ್ದು.”

“ಅಂದರೆ ಐದು ನಿಮ್ಮದಾ?”

“ಜಾಸ್ತಿಯೇ ಹಾಕಿದೆ ಅಂತ ಅನ್ನಿಸಿತ್ತು.”

ಅವಳು ನಕ್ಕಳು. ಅವನು ನಗಲಿಲ್ಲ.

“ಜೋಸ್ಮಿ, ಸಂಪಾಜೆಯವರು ಬರುದು ಬೇಡ. ನನಗೆ ನಿನ್ನನ್ನು ಮದುವೆ ಆಗ್ಬೇಕು ಅಂತ ಉಂಟು. ನೀನು ಬೇಡ ಅಂದರೂ ಸರಿ, ಹೇಳದೆ ಇರುದು ಬೇಡ ಅಂತ ಬಂದೆ. ಆ ಐದನ್ನು ಬೇಕಾದರೆ ತಿದ್ದುತ್ತೇನೆ.”

“ತಿದ್ದುದು ಬೇಡ,” ಎಂದಳು ಜೋಸ್ಮಿ. “ಐದರ ಆಕರ್ಷಣೆಗೇ ನಾನು ಇಷ್ಟು ಕಷ್ಟಪಟ್ಟಿದ್ದೇನೆ.”

ಅವನಿಗೆ ಅರ್ಥವಾಗಲು ಒಂದು ಗುಟುಕು ಕಾಪಿಯಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಿವಿಯವರೆಗೆ ಕೆಂಪಾದ. ಪಪ್ಪನ ಹತ್ತಿರ ಈಗಲೇ ಹೋಗಿ ಹೇಳಿ, ನಾಳೆಗೆ ಇಟ್ಟರೆ ನಿಮಗೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವಳು ಲೋಟ ಕಸಿದುಕೊಂಡಳು.

ಅವಳ ತಂದೆ ತಂಬಿ ಅಂಗಳದಲ್ಲಿ ಬೆಂಚನ್ನು ಒಬ್ಬರೇ ಎಳೆಯುತ್ತಿದ್ದರು. ಬಿನೋಯ್ ಹೋಗಿ ಇನ್ನೊಂದು ತುದಿ ಹಿಡಿದ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಬೆಂಚು ನಿಂತಿತು. ಬಿನೋಯ್ ಮಾತಾಡುತ್ತಿದ್ದ. ತಂಬಿ ಬೆಂಚು ಹಿಡಿದುಕೊಂಡೇ ಕೇಳುತ್ತಿದ್ದರು. ಜೋಸ್ಮಿ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದಳು.

ತಂಬಿ ಬೆಂಚನ್ನು ಅಂಗಳದ ನಡುವೆಯೇ ಇಳಿಸಿದರು. ಕೂತರು. ಆಮೇಲೆ ಹೆಗಲ ಟವೆಲ್ ತೆಗೆದು, ಪಕ್ಕದ ಜಾಗವನ್ನು ಬಿನೋಯ್‌ಗೆಂದು ನಿಧಾನವಾಗಿ ಒರೆಸಿದರು.