ಕಂಪನಿ ಬಟ್ಟೆ

ಹಾಳಾದ್ದು, ಹರಿಯಲೇ ಇಲ್ಲ!

ನಯನಾ ಸ್ಕೂಲಿನ ಹಿಂದಿನ ಮುಳ್ಳುತಂತಿಗೆ ಸ್ಕರ್ಟ್ ಸಿಕ್ಕಿಸಿ ಎರಡು ಸಲ ಎಳೆದಾಗಿತ್ತು. ಸಣ್ಣ ತೂತು ಬಿದ್ದದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ಫ್ಯಾಕ್ಟರಿಯವರು ಕೊಡುವ ಬಟ್ಟೆ ಎಂದರೆ ಸುಮ್ಮನೆಯೇ? ಮೂರನೇ ಸಲ ಹಲ್ಲು ಕಚ್ಚಿ ಎಳೆದಳು. ಪರ್ ಅಂತ ಅಂಚಿನಿಂದ ಸೊಂಟದವರೆಗೂ ಹರಿಯಿತು. ಬ್ಯಾಗನ್ನು ಅಡ್ಡ ಹಿಡಿದುಕೊಂಡು ಮನೆ ಕಡೆ ಓಡಿದಳು.

ಪಾಪ, ಅವಳಿಗೂ ಕಾರಣವಿತ್ತು ಅನ್ನಿ. ಅವಳ ಅಪ್ಪ ವಿಜಯ್‌ಕುಮಾರ್ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕಂಟ್ರ್ಯಾಕ್ಟ್ ಕೆಲಸಗಾರ. ಅಲ್ಲಿ ವರ್ಷಕ್ಕೊಮ್ಮೆ ಯೂನಿಫಾರಂಗೆ ಬಟ್ಟೆ ಕೊಡುತ್ತಾರೆ. ಆ ಪ್ಯಾಂಟಿನ ನೀಲಿಯೂ ನಯನಾಳ ಸ್ಕೂಲ್ ಸ್ಕರ್ಟಿನ ನೀಲಿಯೂ ಒಂದೇ. ಅಮ್ಮ ಸುಚಿತ್ರಾ ಬಿಟ್ಟಾಳೆಯೇ? ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹಾಕುವವಳು ಅವಳು. ಅಪ್ಪನ ಹಳೆ ಪ್ಯಾಂಟುಗಳನ್ನು ಬಿಚ್ಚಿ, ಮಾಸದ ಒಳಮೈಯನ್ನು ಹೊರಗೆ ಮಾಡಿ ಮಗಳಿಗೆ ಸ್ಕರ್ಟ್ ಹೊಲಿದಿದ್ದಳು.

ಎಲ್ಲ ಸರಿ, ಜೇಬಿದ್ದ ಜಾಗದ ಹೊಲಿಗೆ ಗುರುತು ಮಾತ್ರ ಹೋಗಲಿಲ್ಲ. ಕ್ಲಾಸಿನ ಅನುಪಮಾ ಅದನ್ನು ಕಂಡುಹಿಡಿದುಬಿಟ್ಟಳು. ಅವತ್ತಿನಿಂದ ಐದನೇ ಕ್ಲಾಸಿಗೆಲ್ಲ ಅವಳು ‘ಪ್ಯಾಂಟ್ ನಯನಾ’. ಸೋಮವಾರ ಕ್ಲಾಸ್ ಫೋಟೋ ಬೇರೆ ಇತ್ತು. ಸ್ಕರ್ಟ್ ಹರಿದುಹೋದರೆ ಅಂಗಡಿಯದು ಕೊಡಿಸಲೇಬೇಕಲ್ಲ ಎಂದುಕೊಂಡಳು.

ಆಟ ಆಡುವಾಗ ತಂತಿಗೆ ಸಿಕ್ಕಿಕೊಂಡಿತು ಎಂದು ಮನೆಯಲ್ಲಿ ಸುಳ್ಳು ಹೇಳಿದಳು. ಅಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಇದಕ್ಕೆ ಎಷ್ಟು ಹೊಲಿಗೆ ಹಾಕಿದರೂ ನಿಲ್ಲುವುದಿಲ್ಲ ಎಂದಳು. ನಯನಾಗೆ ಹಿಗ್ಗೋ ಹಿಗ್ಗು. ಎಷ್ಟು ಹೊತ್ತಿನ ಹಿಗ್ಗು? ಅಮ್ಮ ಬೀರು ತೆಗೆದು ಒಂದು ಕವರ್ ಈಚೆಗಿಟ್ಟಳು. ಒಳಗಿದ್ದದ್ದು ಅಪ್ಪನಿಗೆ ಈ ವರ್ಷ ಕೊಟ್ಟ ಕಂಪನಿ ಬಟ್ಟೆ.

ಸೋಮವಾರವೇ ಫ್ಯಾಕ್ಟರಿಗೆ ದೊಡ್ಡ ಸಾಹೇಬರು ಬರುವವರಿದ್ದರು. ಎಲ್ಲರೂ ಹೊಸ ಯೂನಿಫಾರಂನಲ್ಲೇ ಬರಬೇಕು ಎಂದು ಸೂಪರ್‌ವೈಸರ್ ವಾರದಿಂದ ಹೇಳುತ್ತಿದ್ದ. ಕಾಫಿ ಕುಡಿಯುತ್ತಿದ್ದ ಅಪ್ಪನಿಗೆ ಅಮ್ಮ ಅದನ್ನು ನೆನಪಿಸಿದಳು.

“ಮಗೀನ ಹರಕ್ಲು ಹಾಕಿ ಕಳಿಸಕ್ಕಾಯ್ತದಾ?” ಎಂದ ಅಪ್ಪ. “ನೀನು ಸ್ಕರ್ಟ್ ಹೊಲಿ. ನನ್ನ ಹಳೇ ಪ್ಯಾಂಟಿಗೆ ಹಿಂದುಗಡೆ ಒಂದು ತೇಪೆ ಹಾಕ್ಬುಡು. ಕಡೇ ಸಾಲಲ್ಲಿ ನಿಂತ್ಕೊಂಡ್ರೆ ಯಾರು ನೋಡ್ತಾರೆ?”

ಬೇಡ ಎನ್ನಬೇಕು ಅನ್ನಿಸಿತು ನಯನಾಗೆ. ಎಂದರೆ ಯಾಕೆ ಎಂದು ಕೇಳುತ್ತಾರಲ್ಲ. ಹೊಸ ಬಟ್ಟೆಯ ಮೇಲೆ ಕತ್ತರಿ ಓಡಿತು. ಹರಿದ ಸ್ಕರ್ಟಿನಲ್ಲೇ ಒಂದು ತುಂಡು ತೆಗೆದು ಅಮ್ಮ ಅಪ್ಪನ ಪ್ಯಾಂಟಿಗೆ ತೇಪೆ ಹಾಕಿದಳು. ಬಣ್ಣ ಹೊಂದಲಿಲ್ಲ. ಮಾಸಿದ ಪ್ಯಾಂಟಿನ ಮೇಲೆ ಅದು ಎದ್ದು ಕಾಣುತ್ತಿತ್ತು.

ಸೋಮವಾರ ಫೋಟೋ ತೆಗೆದರು. ಜೇಬಿನ ಗುರುತಿಲ್ಲದ ಸ್ಕರ್ಟಿನಲ್ಲಿ ನಯನಾ ಮುಂದಿನ ಸಾಲಿನಲ್ಲೇ ಕೂತಳು. ಹೊಸದಾ ಎಂದು ಅನುಪಮಾನೇ ಕೇಳಿದಳು. ಕುಣಿಯುತ್ತ ಮನೆಗೆ ಬಂದರೆ, ಅಪ್ಪ ಆಗಲೇ ಬಂದು ಗೋಡೆಗೆ ಒರಗಿ ಕೂತಿದ್ದ.

ಅಪ್ಪನ ಜೊತೆಗೇ ಕೆಲಸ ಮಾಡುವ ಪಕ್ಕದ ಮನೆಯ ಹರೀಶ್ ಸಂಜೆ ಬಂದು ಹೇಳಿದ ಮೇಲೆ ವಿಷಯ ಗೊತ್ತಾಯಿತು. ಸೂಪರ್‌ವೈಸರ್ ಗೇಟಿನಲ್ಲೇ ಅಪ್ಪನನ್ನು ಸಾಲಿನಿಂದ ಈಚೆಗೆ ಕರೆದನಂತೆ. ಎಲ್ಲರಿಗೂ ಬೆನ್ನು ಮಾಡಿ ನಿಲ್ಲಿಸಿ, ತೇಪೆಯ ಮೇಲೆ ಪೆನ್ನಿನಿಂದ ತಟ್ಟಿ, ಕಂಪನಿ ಮರ್ಯಾದೆ ತೆಗೀಬೇಡ, ನಡಿ ಮನೆಗೆ ಎಂದನಂತೆ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರಂತೆ.

“ಅಣ್ಣ ತಲೆ ಬಗ್ಗಿಸ್ಕೊಂಡು ಬಂದ್ಬುಟ್ರು ಕಣಕ್ಕ,” ಎಂದ ಹರೀಶ್.

ಆ ನಗು ಹೇಗಿರುತ್ತದೆ ಎಂದು ನಯನಾಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಹೋಗಿ ಸ್ಕರ್ಟ್ ಬದಲಾಯಿಸಿ, ಅದನ್ನು ತಂದು ಅಮ್ಮನ ಮಷಿನ್ ಮೇಲಿಟ್ಟಳು.

“ಅಮ್ಮ, ಆ ಹಳೇ ಸ್ಕರ್ಟು ತಾನಾಗೇ ಹರೀಲಿಲ್ಲ. ನಾನೇ ಹರಿದೆ. ಇದನ್ನ ಬಿಚ್ಚಿ ಅಪ್ಪಂಗೆ ಪ್ಯಾಂಟ್ ಹೊಲಿ.”

ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿ ನಿಂತಳು. ಬೀಳಲಿಲ್ಲ. ಅಮ್ಮ ಸ್ಕರ್ಟಿನ ನೆರಿಗೆಯನ್ನು ಸವರಿದಳು.

“ಪ್ಯಾಂಟಲ್ಲಿ ಸ್ಕರ್ಟ್ ಆಗ್ತದೆ ಕಣೆ, ಸ್ಕರ್ಟಲ್ಲಿ ಪ್ಯಾಂಟ್ ಆಗಲ್ಲ,” ಎಂದಳು. “ಕತ್ತರಿಸಿದ್ದು ಕತ್ತರಿಸಿದ್ದೇ.”

ಅಪ್ಪನಿಗೂ ಎಲ್ಲ ಕೇಳಿಸಿತ್ತು. ಅವನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ಹರೀಶನ ಮನೆಗೆ ಹೋಗಿ, ಅವನ ಇನ್ನೊಂದು ಯೂನಿಫಾರಂ ಪ್ಯಾಂಟನ್ನು ಕೇಳಿಕೊಂಡು ಬಂದ. ಅಕ್ಕಪಕ್ಕದಲ್ಲಿ ಒಂದು ಚಮಚ ಸಕ್ಕರೆ ಕೇಳಲೂ ಸಂಕೋಚಪಡುವ ಅಪ್ಪ.

ಹರೀಶ್ ಕುಳ್ಳ. ಬೆಳಿಗ್ಗೆ ಅಪ್ಪ ಹಾಕಿಕೊಂಡರೆ ಪ್ಯಾಂಟು ಕಣಕಾಲಿಗಿಂತ ಮೇಲಕ್ಕೇ ನಿಂತಿತು. ಬಗ್ಗಿ ಎಳೆದುಕೊಂಡ, ಇಳಿಯಲಿಲ್ಲ. ಹಾಗೇ ಟಿಫನ್ ಬಾಕ್ಸ್ ತೆಗೆದುಕೊಂಡು ಕುಂಬಾರಕೊಪ್ಪಲಿನ ಬಸ್‌ಸ್ಟಾಪಿನ ಕಡೆ ನಡೆದ.

ಬೀದಿಯಲ್ಲಿ ಯಾರಾದರೂ ನಗುತ್ತಾರಾ ಎಂದು ನಯನಾ ಬಾಗಿಲಲ್ಲೇ ನಿಂತು ನೋಡಿದಳು. ಯಾರೂ ನಗಲಿಲ್ಲ. ಆದರೂ ಅಪ್ಪ ತಿರುವು ದಾಟುವ ತನಕ ಅವಳು ಒಳಗೆ ಹೋಗಲಿಲ್ಲ.