ಗಾಜಿನ ಮೇಲಿನ ಮುಖ

"ಅಲುಗಾಡಬ್ಯಾಡ್ರಿ! ಯಾರೂ ಉಸುರು ಸೈತ ಬಿಡಬ್ಯಾಡ್ರಿ!"

ಕರಿ ಬಟ್ಟೆಯೊಳಗಿಂದ ಬಂದ ಆ ದನಿಗೆ ಕುರುಗೋಡಿನ ದುರುಗಪ್ಪನ ಮನೆಮಂದಿಯೆಲ್ಲ ಅಂಗಳದಲ್ಲಿ ಕಂಬದಂತೆ ನಿಂತರು. ನಿಲ್ಲದವನು ಒಬ್ಬನೇ... ಕೆಂಚ! ಒಂದು ಕೋಡು ಮೇಲಕ್ಕೆ, ಒಂದು ಕೆಳಕ್ಕೆ ತಿರುಗಿದ್ದ ಆ ಎತ್ತಿಗೆ ಫೋಟೋದವರ ಮರ್ಯಾದೆ ಎಲ್ಲಿ ಗೊತ್ತು?

"ನಮಗ ಹೇಳಿದ್ದು ಸಾಕು, ಎತ್ತಿಗೆ ಹೇಳ್ರಿ!" ಎಂದಳು ಹಗ್ಗ ಹಿಡಿದಿದ್ದ ಹಂಪಮ್ಮ, ದುರುಗಪ್ಪನ ಒಬ್ಬಳೇ ಮಗಳು.

ಬಟ್ಟೆ ಸರಿಸಿ, ಬಳ್ಳಾರಿಯಿಂದ ಬಂದಿದ್ದ ಫೋಟೋಗ್ರಾಫರ್ ಪಾಲಯ್ಯ ತಲೆ ಹೊರಗೆ ಹಾಕಿದ. ಕೂದಲು ಕೆದರಿತ್ತು, ಮುಖವೆಲ್ಲ ಬೆವರು.

"ಅದು ನಿಮ್ಮ ಮಾತು ಕೇಳತೈತಿ, ನೀವ ಹೇಳ್ರಿ. ಹಂಗ ಸೆರಗು ಒಂಚೂರು ಸರಸ್ರಿ. ಮುಖ ಕಾಣವಲ್ದು."

ಹಂಪಮ್ಮ ಸೆರಗನ್ನು ಇನ್ನಷ್ಟು ಬಿಗಿಹಿಡಿದಳು.

ಚಿಕ್ಕಂದಿನಲ್ಲಿ ಬಂದ ಸಿಡುಬು ಅವಳ ಕೆನ್ನೆ ತುಂಬ ಕಲೆ ಬಿಟ್ಟು ಹೋಗಿತ್ತು. ಸಿಡುಬು ಅನ್ನಬಾರದು, ಅಮ್ಮ ಮುತ್ತು ಕೊಟ್ಟು ಹೋದಳು ಅನ್ನಬೇಕು ಎನ್ನುವುದು ಅಜ್ಜಿ ಈರಮ್ಮನ ಕಟ್ಟಪ್ಪಣೆ. ಆದರೂ ಹೊರಗಿನವರು ಬಂದರೆ ಸೆರಗು ತಾನಾಗಿಯೇ ಕೆನ್ನೆಗೆ ಬರುತ್ತಿತ್ತು.

ಇವತ್ತು ಅವಳು ಸೆರಗು ಸರಿಸಿದಳು. ಪಾಲಯ್ಯ ಮುಖ ತಿರುಗಿಸಲಿಲ್ಲ!

ಫೋಟೋ ಮುಗಿದ ಮೇಲೆ ಅವನೇ ಕರೆದ. "ಒಳಗ ನೋಡ್ತೀರೇನು?"

ಬಟ್ಟೆಯೊಳಗೆ ತಲೆ ಹಾಕಿದ ಹಂಪಮ್ಮ ಕಿಲಕಿಲ ನಕ್ಕಳು. "ಅಯ್ಯ! ನಮ್ಮಪ್ಪ ತಲಿಕೆಳಗ ನಿಂತಾನ!"

ಅವಳ ನಗು ಕೇಳುತ್ತ ನಿಂತವನಿಗೆ ಸಾಮಾನು ಕಟ್ಟಬೇಕೆಂಬುದೇ ಮರೆತುಹೋಯಿತು. 1949ರ ಮಾತು ಇದು; ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಹುಡುಗ ಹುಡುಗಿಯನ್ನು ಅಷ್ಟು ಹೊತ್ತು ನೋಡಿದ್ದೇ ದೊಡ್ಡ ಸಾಹಸ. ಅಜ್ಜಿ ಎರಡು ಸಲ ಕೆಮ್ಮಿದಳು.

ಮುಂದಿನ ವಾರ ಪಾಲಯ್ಯ ಪಟ ತಂದ. ಹಂಪಮ್ಮ ಬಾಗಿಲ ಮರೆಯಲ್ಲೇ ಕಾಯುತ್ತಿದ್ದಳು, ಬೆಳಗಿನಿಂದ!

ದುರುಗಪ್ಪ ಪಟ ನೋಡಿ ಹಿಗ್ಗಿಹೋದ. "ಭಲೇ! ಸಿರುಗುಪ್ಪದಾಗ ಗಂಡಿನ ಕಡಿಯವರು ಹುಡುಗಿ ಪಟ ಕೇಳ್ಯಾರ. ಸೋಮವಾರ ಇದನ್ನ ಕಳಸ್ತೀನಿ."

ಪಾಲಯ್ಯನ ಮುಖದ ನಗು ಮಾಯವಾಯಿತು.

ಅಜ್ಜಿ ಪಟವನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಕೆಂಚ ನಮ್ಮ ಕೆಂಚನ. ಖರೆ, ಹಗ್ಗ ಹಿಡದಾಕಿ ಯಾರ ಮಗಳಪಾ?"

ಹಂಪಮ್ಮ ಪಟ ಕಸಿದು ನೋಡಿದಳು. ಎತ್ತಿನ ಸೊಟ್ಟ ಕೋಡು ಇದ್ದ ಹಾಗೇ ಇತ್ತು. ಅವಳ ಕೆನ್ನೆ ಮಾತ್ರ ಸುಣ್ಣ ಬಳಿದ ಗೋಡೆಯಾಗಿತ್ತು. ಒಂದು ಕಲೆಯೂ ಇರಲಿಲ್ಲ!

ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ಪಾಲಯ್ಯನ ಮುಂದೆ ಪಟ ಹಿಡಿದು ಹೋಗಿ ನಿಂತಳು. ಕಣ್ಣು ತುಂಬಿದ್ದವು.

"ಎತ್ತಿನ ಸೊಟ್ಟ ಕೋಡು ನಿಮಗ ಚಂದ ಕಾಣ್ತು. ನನ್ನ ಮುಖ ಚಂದ ಕಾಣಲಿಲ್ಲೇನು?"

"ಹಂಗಲ್ರಿ... ಫೋಟೋ ಹಿಡಿಯೋ ಗಾಜಿನ ಮ್ಯಾಲೆ ಪೆನ್ಸಿಲ್‌ಲೇ ಕಲೆ ಮುಚ್ಚತೀವಿ. ಎಲ್ಲಾರಿಗೂ ಹಂಗ ಮಾಡತೀವಿ, ಬಂದೋರೆಲ್ಲ ಖುಷಿ ಪಡ್ತಾರ..."

"ನನ್ನ ಕೇಳಿದ್ರೇನು? ಇದನ್ನ ನೋಡಿ ಒಪ್ಪಿದಾವ ನಾಳಿ ನನ್ನ ಮುಖ ನೋಡಿ ಏನಂತಾನ? ಜಲ್ಮ ಪೂರ್ತಿ ಮೋಸಗಾತಿ ಅನ್ನಿಸ್ಕೊಂಡು ಬಾಳ್ವಿ ಮಾಡ್ಲೇನು?" ಅವಳ ದನಿ ಒಡೆಯಿತು. "ಸೆರಗು ಸರಸ್ರಿ, ಮುಖ ಕಾಣವಲ್ದು ಅಂದಾವ್ರು ನೀವೊಬ್ರ. ಅದನ್ನ ನಂಬಿದ್ನಲ್ಲ..."

ಪಾಲಯ್ಯ ಅವಳ ಕೈಲಿದ್ದ ಪಟವನ್ನು ವಾಪಸು ತೆಗೆದುಕೊಂಡ. ಸೈಕಲ್ ಹತ್ತಿ ಹೊರಟುಹೋದ.

'ಹೋಗಲಿ, ನನಗೇನು?' ಅಂದುಕೊಂಡಳು. ಆದರೆ ಅವತ್ತು ಉಣ್ಣಲು ಕೂತವಳು ತಟ್ಟೆ ಹಾಗೇ ಬಿಟ್ಟು ಎದ್ದಳು.

ಭಾನುವಾರ ಮಟಮಟ ಮಧ್ಯಾಹ್ನ ಪಾಲಯ್ಯ ಮತ್ತೆ ಬಂದ. ಬಟ್ಟೆಯಲ್ಲಿ ಸುತ್ತಿದ ಅದೇ ಫೋಟೋದ ಗಾಜು, ಒಂದು ಸೀಸೆ ಟರ್ಪೆಂಟೈನು, ಒಂದು ಮರದ ಚೌಕಟ್ಟು ತಂದಿದ್ದ. ಅಂಗಳದ ಕಟ್ಟೆಯ ಮೇಲೆ ಗಾಜನ್ನಿಟ್ಟು ಹಂಪಮ್ಮನ ಕೈಗೆ ಟರ್ಪೆಂಟೈನಿನಲ್ಲಿ ಅದ್ದಿದ ಅರಿವೆ ಕೊಟ್ಟ.

"ಒರಸ್ರಿ. ನಾ ಬಳದಿದ್ದೆಲ್ಲ ಹೋಗತೈತಿ. ನಿಮ್ಮ ಮುಖ, ನಿಮ್ಮ ಕೈಲೇ ಆಗಲಿ."

"ಏ ಹುಚ್ಚಪ್ಪಾ! ನಾಳಿ ಸಿರುಗುಪ್ಪಕ್ಕ ಕಳಸಬೇಕು!" ದುರುಗಪ್ಪ ಓಡಿ ಬಂದ. ಈರಮ್ಮಜ್ಜಿ ಕೋಲು ಅಡ್ಡ ಹಿಡಿದಳು. "ಅಮ್ಮ ಕೊಟ್ಟಿದ್ದನ್ನ ಮುಚ್ಚಾಕ ನೀ ಯಾವಾವಲೇ? ಒರಸಲಿ ಬಿಡು!"

ಹಂಪಮ್ಮ ಒರೆಸಿದಳು. ಬಳಿದದ್ದೆಲ್ಲ ಹೋಗುವ ತನಕ ಬಿಡಲಿಲ್ಲ.

ಪಾಲಯ್ಯ ಚೌಕಟ್ಟಿನಲ್ಲಿ ಗಾಜು, ಅದರ ಹಿಂದೆ ಫೋಟೋ ಮೂಡುವ ಕಾಗದ ಸೇರಿಸಿ ಬಿಸಿಲಿಗಿಟ್ಟ. ಬರಬರುತ್ತ ಕಾಗದ ಕೆಂಪಾಗಿ ಚಿತ್ರ ಮೂಡಿತು. ಹಿಂದಿನ ಮುಚ್ಚಳ ಓರೆಮಾಡಿ ಹಿಡಿದಾಗ ಎಲ್ಲರೂ ಬಗ್ಗಿ ನೋಡಿದರು.

"ಈಗ ಬಂದ್ಲು ನಮ್ಮ ಹಂಪಿ!" ಅಜ್ಜಿ ನೆಟಿಗೆ ಮುರಿದಳು.

ದುರುಗಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. "ಇದನ್ನ ನೋಡಿ ಅವರು ಬರ್ತಾರೇನು? ನನ್ನ ಮಗಳಿಗೆ ಒಂದು ಮನಿ ಆಗೋದು ಬ್ಯಾಡೇನಪಾ?"

"ಸಿರುಗುಪ್ಪಕ್ಕ ಕಳಸಬ್ಯಾಡ್ರಿ." ಪಾಲಯ್ಯನ ದನಿ ಸಣ್ಣಗಾಯಿತು. "ಸಂಗನಕಲ್ಲಾಗ ನಮ್ಮವ್ವ ಅದಾಳ. ಆಕಿಗೆ ಕೊಡ್ರಿ."

ಎಲ್ಲರೂ ಅವನತ್ತ ತಿರುಗಿದರು. ಕೆಂಚ ಕೂಡ ಮೆಲುಕು ನಿಲ್ಲಿಸಿದ್ದ ಅಂದರೆ ನೀವು ನಂಬಬೇಕು!

"ಪಟ ತಿದ್ದೋ ಮುಂದ ರಾತ್ರಿಯೆಲ್ಲ ಈ ಮುಖ ಮುಂದಿಟ್ಕೊಂಡು ಕುಂತಿದ್ದೆ ಯಜಮಾನ್ರೇ. ಒಂದೊಂದು ಕಲೆ ಮುಚ್ಚುವಾಗ ಏನೋ ಕಳಕೊಂಡಂಗ ಆಗತಿತ್ತು. ರೂಢಿ ಅಂತ ಮುಚ್ಚಿಬಿಟ್ಟೆ. ತಪ್ಪಾತು. ನನಗ ಈಕಿ ಬೇಕು, ಹಿಂಗ ಇದ್ದಾಕಿ ಬೇಕು."

ದುರುಗಪ್ಪ ಅವನನ್ನೇ ದಿಟ್ಟಿಸಿದ. "ಸಂಗನಕಲ್ಲು ಹುಲುಗಮ್ಮನ ಮಗ ಅಲ್ಲೇನು ನೀ? ನಮ್ಮ ಮಂದಿನ ಅಲ್ಲೇನಪಾ!" ಆಮೇಲೆ ಮಗಳ ಕಡೆ ತಿರುಗಿದ. ದನಿ ತೇವವಾಗಿತ್ತು. "ನೀ ಏನಂತೀಯವ್ವಾ?"

"ಆತನ ಕೂಡ ಒಂದು ಮಾತು ಐತಿ. ಕೇಳಿ ಹೇಳ್ತೀನಪಾ."

ಅಜ್ಜಿ ಮಗನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಇಬ್ಬರೇ ಉಳಿದರು. ಹಂಪಮ್ಮ ಹುಸಿಮುನಿಸಿನಿಂದ ಕೇಳಿದಳು.

"ಇನ್ನ ಮ್ಯಾಲೆ ಹೆಣ್ಮಕ್ಕಳ ಮುಖ ತಿದ್ತೀರೇನು?"

"ಅವರನ್ನ ಕೇಳಿ ತಿದ್ತೀನಿ."

"ಮತ್ತ ನಂದು?"

"ನಿಂದು ನೋಡಾಕ ಹೊತ್ತು ಸಾಲಂಗಿಲ್ಲ. ತಿದ್ದಾಕ ಎಲ್ಲೈತಿ ಹೊತ್ತು?"

ಅವಳು ನಾಚಿ ನಕ್ಕಳು. "ಹಂಗಾರ ಅವ್ವನ ಕರಕೊಂಡು ಜಲ್ದಿ ಬರ್ರಿ. ನಾನೂ ನಿಮ್ಮನ್ನ ಇನ್ನಾ ಕಣ್ತುಂಬ ನೋಡಿಲ್ಲ."